ಬೊಹೆಮಿಯಾಕ್ಕೆ ಕಡಲು ತಂದವರು

ಷೇಕ್ಸ್‌ಪಿಯರ್ ತನ್ನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಒಂದು ಹಡಗನ್ನು ತಂದು ಬೊಹೆಮಿಯಾದ ಕಡಲತೀರದಲ್ಲಿ ನಿಲ್ಲಿಸುತ್ತಾನೆ. ಬೊಹೆಮಿಯಾ ಎಂದರೆ ಇಂದಿನ ಚೆಕ್ ಗಣರಾಜ್ಯದ ದೊಡ್ಡ ಭಾಗ. ಸುತ್ತಲೂ ನೆಲವೇ ಇರುವ ಸೀಮೆ. ಅಲ್ಲಿಗೆ ಕಡಲು ಎಲ್ಲಿಂದ ಬಂತು ಎಂದು ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ಆಗಲೇ ಆಡಿಕೊಂಡಿದ್ದ. ನಾನೂರು ವರ್ಷ ಕಳೆದ ಮೇಲೆ ಅದೇ ಸೀಮೆಯ ಹೆಸರಿಟ್ಟುಕೊಂಡ ಕಂಪನಿಯೊಂದು ಆ ಕೆಲಸವನ್ನು ಇನ್ನೊಮ್ಮೆ ಮಾಡಿತು, ಈ ಸಲ ಗೊತ್ತಿದ್ದೂ ಗೊತ್ತಿದ್ದೂ. ಕಂಪನಿಯ ಹೆಸರು ಬೊಹೆಮಿಯಾ ಇಂಟರಾಕ್ಟಿವ್. ಅದು ಕಟ್ಟಿದ ನಾಡಿಗೆ ಚೆರ್ನಾರಸ್ ಎಂದು ಹೆಸರು. ‘ಡೇಝೀ’ ಎಂಬ ಕಂಪ್ಯೂಟರ್ ಆಟ ಆಡುವವರು ಹುಟ್ಟುವುದೂ ಸಾಯುವುದೂ ಹೆಚ್ಚಾಗಿ ಅಲ್ಲಿಯ ಕಡಲ ದಂಡೆಯಲ್ಲಿ.

ಚೆರ್ನಾರಸ್ ಮೊದಲು ಕಂಡದ್ದು 2009ರ ‘ಆರ್ಮಾ 2’ ಎಂಬ ಯುದ್ಧದ ಆಟದಲ್ಲಿ. ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ, ಒಳಜಗಳದಲ್ಲಿ ಬೇಯುತ್ತಿರುವ ಕಲ್ಪಿತ ದೇಶ ಅದು. ದೇಶ ಕಲ್ಪಿತವಾದರೂ ನೆಲ ಕಲ್ಪಿತವಲ್ಲ. ಉತ್ತರ ಬೊಹೆಮಿಯಾದಲ್ಲಿ ಊಸ್ತಿ ನಾದ್ ಲಾಬೆಮ್ ಎಂಬ ಪಟ್ಟಣವಿದೆ. ಅಲ್ಲಿಂದ ಎಲ್ಬೆ ನದಿಯ ಗುಂಟ ಕೆಳಕ್ಕೆ ಹರಡಿದ ಗುಡ್ಡಗಾಡನ್ನು ಎತ್ತರ ತಗ್ಗುಗಳ ಸಮೇತ ಎತ್ತಿ ಕಂಪ್ಯೂಟರಿನೊಳಗೆ ಇಟ್ಟಿದ್ದಾರೆ. ಉದ್ದ 15 ಕಿಲೋಮೀಟರ್, ಅಗಲ 15 ಕಿಲೋಮೀಟರ್, ಒಟ್ಟು 225 ಚದರ ಕಿಲೋಮೀಟರ್. ಎಲ್ಬೆ ಹರಿಯುವ ಕಣಿವೆ ಇದ್ದಲ್ಲಿ ಸಮುದ್ರ ತುಂಬಿಸಿದ್ದಾರೆ. ನದಿ ಪೂರ್ವಕ್ಕೆ ಹೋಗಿ ಉತ್ತರಕ್ಕೆ ತಿರುಗುತ್ತದಲ್ಲ, ಆಟದ ಕರಾವಳಿಯೂ ದಕ್ಷಿಣದಲ್ಲಿ ಸಾಗಿ ಪೂರ್ವದಲ್ಲಿ ಮೇಲಕ್ಕೆ ತಿರುಗುತ್ತದೆ. ದಂಡೆಗುಂಟ ರೈಲು ಹಳಿಯೂ ಇದೆ. ನಿಜವಾದ ಎಲ್ಬೆ ಕಣಿವೆಯಲ್ಲೂ ರೈಲು ನದಿಯ ಪಕ್ಕದಲ್ಲೇ ಓಡುತ್ತದೆ.

ಇಷ್ಟು ಕಷ್ಟಪಟ್ಟು ಇಲ್ಲದ ಕಡಲನ್ನು ತಂದದ್ದೇಕೆ? ಉತ್ತರ ಬಹಳ ಲೌಕಿಕವಾದದ್ದು. ಯಾವ ಆಟದ ಮ್ಯಾಪಿಗೂ ಒಂದು ಕಡೆ ಕೊನೆ ಇರಲೇಬೇಕು. ಕೊನೆಯಲ್ಲಿ ಗೋಡೆ ಕಟ್ಟಿದರೆ ಆಡುವವನಿಗೆ ಸಿಟ್ಟು ಬರುತ್ತದೆ. ಸಮುದ್ರ ಇಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಬೇಕಾದರೆ ಈಜಿಕೊಂಡು ಹೋಗು, ಸುಸ್ತಾದಾಗ ತಿರುಗಿ ಬಾ ಎನ್ನಬಹುದು. ‘ರಸ್ಟ್’ ಆಟದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ, ಕೈಯಲ್ಲೊಂದು ಕಲ್ಲು ಮತ್ತೊಂದು ಪಂಜು ಹಿಡಿದು ಸಮುದ್ರ ದಂಡೆಯಲ್ಲಿ ಕಣ್ಣು ಬಿಡುತ್ತೀರಿ. ಪಬ್‌ಜಿ ಆಟದ ಎರಾಂಗೆಲ್ ಮ್ಯಾಪ್ ಕೂಡ ದ್ವೀಪವೇ. ನೀರು ಅಗ್ಗದ ಬೇಲಿ.

ಡೇಝೀ ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು ಹೇಳಬೇಕು. ನ್ಯೂಜಿಲೆಂಡ್ ಸೇನೆಯಲ್ಲಿದ್ದ ಡೀನ್ ಹಾಲ್ ಎಂಬಾತ ಬ್ರೂನೈ ಕಾಡಿನಲ್ಲಿ ತರಬೇತಿಗೆ ಹೋಗಿ ಹಸಿವಿನಿಂದ ಒದ್ದಾಡಿ ಬಂದ. ಆ ಅನುಭವದ ಬೆನ್ನಿಗೆ 2012ರಲ್ಲಿ ಆರ್ಮಾ 2ರ ಮೇಲೆ ಡೇಝೀ ಎಂಬ ಮಾಡ್ ಕಟ್ಟಿದ. ಮಾಡ್ ಎಂದರೆ ಇರುವ ಆಟದ ಒಡಲಿನಲ್ಲೇ ಹವ್ಯಾಸಿಗಳು ಮಾಡುವ ಮಾರ್ಪಾಟು. ಕೆಲವೇ ತಿಂಗಳಲ್ಲಿ ಹತ್ತು ಲಕ್ಷ ಜನ ಅದನ್ನು ಆಡಿದರು. ಕಂಪನಿ ಅವನನ್ನೇ ಕೂರಿಸಿಕೊಂಡು 2013ರ ಡಿಸೆಂಬರಿನಲ್ಲಿ ಅದನ್ನು ಸ್ವತಂತ್ರ ಆಟವಾಗಿ, ಅರೆಬೆಂದ ಸ್ಥಿತಿಯಲ್ಲೇ ಮಾರಾಟಕ್ಕೆ ಬಿಟ್ಟಿತು. ಪೂರ್ತಿ ಬೆಂದಿತು ಎಂದು ಅವರು ಹೇಳಿದ್ದು 2018ರ ಡಿಸೆಂಬರಿನಲ್ಲಿ. ಐದು ವರ್ಷ! ಅಷ್ಟರಲ್ಲಿ ಹಾಲ್ ಕಂಪನಿ ಬಿಟ್ಟು ಹೋಗಿಯಾಗಿತ್ತು. ಡೇಝೀ ಮಾಡನ್ನೇ ತಿದ್ದಿ ಬ್ರೆಂಡನ್ ಗ್ರೀನ್ ಎಂಬ ಐರಿಷ್ ಮನುಷ್ಯ ‘ಕೊನೆಗೆ ಉಳಿದವನೇ ಗೆದ್ದ’ ಎಂಬ ಮಾದರಿಯ ಆಟ ಮಾಡಿದ. ಅದು ಬೆಳೆದು ಪಬ್‌ಜಿ ಆಯಿತು. ಪಬ್‌ಜಿ ಮೊಬೈಲನ್ನು 2020ರಲ್ಲಿ ಭಾರತ ನಿಷೇಧಿಸಿದ ಮೇಲೆ ಅದರ ಜಾಗಕ್ಕೆ 2021ರಲ್ಲಿ ಬಂದದ್ದು ಬಿಜಿಎಂಐ. ನಮ್ಮ ಬಸ್ಸುಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ ಹುಡುಗರು ಮೊಬೈಲ್ ಅಡ್ಡ ಹಿಡಿದು ಆಡುವ ಆಟದ ಮುತ್ತಾತ, ಈ ಲೆಕ್ಕದಲ್ಲಿ, ಚೆರ್ನಾರಸ್‌ನ ಕರಾವಳಿಯವನು.

ಆದರೆ ಮರಿಮೊಮ್ಮಗನಿಗಿರುವ ಅವಸರ ಮುತ್ತಾತನಿಗಿಲ್ಲ. ಡೇಝೀಯಲ್ಲಿ ಗೆಲುವು ಎಂಬುದೇ ಇಲ್ಲ. ಹಸಿವು, ಬಾಯಾರಿಕೆ, ಮೈಬಿಸಿ, ರಕ್ತ, ಆರೋಗ್ಯ ಇವಿಷ್ಟರ ಗುರುತುಗಳು ಪರದೆಯ ಮೂಲೆಯಲ್ಲಿ ಕೂತಿರುತ್ತವೆ. ಅವು ಕೆಂಪಾಗದಂತೆ ನೋಡಿಕೊಳ್ಳುವುದೇ ಆಟ. ರೋಗ ತಗುಲಿ ಹುಚ್ಚೆದ್ದ ಊರವರು ಅಲ್ಲಲ್ಲಿ ತಿರುಗುತ್ತಿರುತ್ತಾರೆ. ಅವರನ್ನು ಝೋಂಬಿ ಎನ್ನಿ. ಅವರ ಜತೆ ನಿಮ್ಮ ಹಾಗೆಯೇ ಕಂಪ್ಯೂಟರ್ ಮುಂದೆ ಕೂತ ಹತ್ತಾರು ಮನುಷ್ಯರು ಅದೇ ನೆಲದಲ್ಲಿ ಓಡಾಡುತ್ತಿರುತ್ತಾರೆ. ಸತ್ತರೆ ಎಲ್ಲ ಹೋಯಿತು. ಬಂದೂಕು, ಚೀಲ, ಬೂಟು, ವಾರಗಟ್ಟಲೆ ಕೂಡಿಟ್ಟದ್ದು ಎಲ್ಲವೂ. ಮತ್ತೆ ಕಡಲ ದಂಡೆಯಲ್ಲಿ ಎದ್ದು ನಿಲ್ಲಬೇಕು. ಕೈಯಲ್ಲಿ ಒಂದು ಹಣ್ಣು, ಒಂದು ಬ್ಯಾಂಡೇಜ್, ಮುರಿದರೆ ಬೆಳಗುವ ಒಂದು ಕಡ್ಡಿ.

ಕರಾವಳಿಯ ನಿಜವಾದ ಗುಟ್ಟು ಇರುವುದು ಇಲ್ಲಿ. ಚೆರ್ನಾರಸ್‌ನಲ್ಲಿ ಯಾವ ಸಾಮಾನು ಎಲ್ಲಿ ಸಿಗಬೇಕು ಎಂದು ನಿರ್ಧರಿಸುವ ಒಂದು ಲೆಕ್ಕದ ಪುಸ್ತಕವಿದೆ. ಇಡೀ ಸರ್ವರಿನಲ್ಲಿ ಇಂಥ ಬಂದೂಕು ಎಷ್ಟಿರಬೇಕು, ಎಷ್ಟಕ್ಕಿಂತ ಕಡಿಮೆಯಾದರೆ ಹೊಸದು ಹುಟ್ಟಬೇಕು, ಯಾರೂ ಮುಟ್ಟದೆ ಬಿದ್ದಿದ್ದರೆ ಎಷ್ಟು ಹೊತ್ತಿಗೆ ಮಾಯವಾಗಬೇಕು ಎಂಬುದೆಲ್ಲ ಅದರಲ್ಲಿ ಸಾಲು ಸಾಲಾಗಿ ಬರೆದಿದೆ. ಸ್ವಂತ ಸರ್ವರ್ ನಡೆಸುವವರು ಆ ಕಡತವನ್ನು ತೆರೆದು ತಿದ್ದಲೂಬಹುದು. ಅದಕ್ಕೆ ತಕ್ಕಂತೆ ನೆಲವನ್ನೂ ನಾಲ್ಕು ಮಜಲಾಗಿ ಹಂಚಿದ್ದಾರೆ. ಮೊದಲನೆಯ ಮಜಲು ಕರಾವಳಿ. ಅಲ್ಲಿ ಹಳೆ ಜಾಕೆಟ್ಟು, ತುಕ್ಕು ಹಿಡಿದ ಡಬ್ಬಿ, ಕೊಡಲಿ, ತೋಟದ ಸಲಿಕೆ, ಅದೃಷ್ಟ ಇದ್ದರೆ ಒಂದು ಪಿಸ್ತೂಲು. ನಾಲ್ಕನೆಯದು ವಾಯವ್ಯ ಮೂಲೆ. ಮಿಲಿಟರಿ ನೆಲೆಗಳು, ಒಳ್ಳೆಯ ರೈಫಲ್ಲು, ಒಳ್ಳೆಯ ಕವಚ ಎಲ್ಲ ಅಲ್ಲಿ. ಹಾಗಾಗಿ ಕಡಲಿನಿಂದ ಎಷ್ಟು ದೂರ ಬಂದಿದ್ದೀರಿ ಎಂದು ನೋಡಿದರೆ ಸಾಕು, ನಿಮ್ಮ ಜೇಬಿನ ತೂಕ ಹೇಳಬಹುದು. ಕರಾವಳಿ ಬಡವರ ಕೇರಿ. ಸತ್ತ ಶ್ರೀಮಂತನೂ ಮರಳಿ ಅಲ್ಲಿಗೇ ಬರಬೇಕು.

ಈ ವ್ಯವಸ್ಥೆಯಲ್ಲಿ ಕರಾವಳಿಯನ್ನು ಒಂದಿಷ್ಟು ಉದ್ದ ಮಾಡಿದರೆ ಏನಾಗುತ್ತದೆ? ಹಳೆಯ ಮ್ಯಾಪಿನಲ್ಲಿ ಜನಜಂಗುಳಿಯೆಲ್ಲ ದಕ್ಷಿಣದಲ್ಲಿತ್ತು. ಚೆರ್ನೊಗೊರ್ಸ್ಕ್, ಎಲೆಕ್ಟ್ರೊಜಾವೊದ್ಸ್ಕ್ ಎಂಬ ಎರಡು ಬಂದರು ಪಟ್ಟಣಗಳೇ ಕರಾವಳಿಯ ರಾಜಧಾನಿಗಳು. ಎಲೆಕ್ಟ್ರೊದ ಹಿಂದಿನ ಗುಡ್ಡದಲ್ಲಿ ದೂರದರ್ಶಕದ ಬಂದೂಕು ಹಿಡಿದು ಮಲಗಿ, ಆಸ್ಪತ್ರೆಗೆ ಓಡುವ ಬರಿಗೈಯವರನ್ನು ಹೊಡೆದುರುಳಿಸುವುದು ಕೆಲವರಿಗೆ ದಿನದ ಕಸುಬಾಗಿತ್ತು. ಪೂರ್ವದಲ್ಲಿ ಸೊಲ್ನಿಚ್ನಿ, ಅದರ ಮೇಲೆ ಬೆರೆಜಿನೊ. ಬೆರೆಜಿನೊ ದಾಟಿದರೆ ಮುಂದೆ ಕಾಡು, ಮರಳು, ಮೌನ. ಅತ್ತ ಯಾರೂ ಹೋಗುತ್ತಿರಲಿಲ್ಲ. ಹೋಗಲು ಕಾರಣವೇ ಇರಲಿಲ್ಲ.

ಸ್ವತಂತ್ರ ಆಟ ಬಂದ ಮೇಲಿನ ವರ್ಷಗಳಲ್ಲಿ ಆ ಖಾಲಿ ಈಶಾನ್ಯವನ್ನು ತುಂಬಿಸಿದರು. ಬೆರೆಜಿನೊ ಹಿಗ್ಗಿತು. ಅದರಿಂದ ನಾಲ್ಕೈದು ಕಿಲೋಮೀಟರ್ ಉತ್ತರಕ್ಕೆ ಸ್ವೆತ್ಲೊಯಾರ್ಸ್ಕ್ ಎಂಬ ಹೊಸ ಬಂದರು ಪಟ್ಟಣ ಎದ್ದಿತು. ನಡುವೆ ಕಡಲಲ್ಲಿ ರಿಫಿ ಎಂಬಲ್ಲಿ ಬಂಡೆಗೆ ಬಡಿದು ಎರಡು ತುಂಡಾದ ಸರಕು ಹಡಗು ಬಂದು ಕೂತಿತು. ಒಳನಾಡಿನ ಉತ್ತರದಲ್ಲಿ ನೊವೊದ್ಮಿತ್ರೊವ್ಸ್ಕ್, ಸೆವೆರೊಗ್ರಾದ್ ಎಂಬ ನಗರಗಳು ಸಾಲುಗಟ್ಟಿದವು. ಚದರ ಕಿಲೋಮೀಟರಿನ ಲೆಕ್ಕದಲ್ಲಿ ಮ್ಯಾಪು ಬೆಳೆದದ್ದು ಅಷ್ಟಕ್ಕಷ್ಟೆ. ಆದರೆ ಆಡುವವರು ಕಣ್ಣು ಬಿಡುವ ಜಾಗವನ್ನು ದಕ್ಷಿಣದಿಂದ ಎತ್ತಿ ಈ ಪೂರ್ವ ದಂಡೆಗೆ ತಂದಾಗ ಇಡೀ ದೇಶದ ಜನಸಂಚಾರವೇ ಬದಲಾಯಿತು. ಒಂದು ಕಾಲಕ್ಕೆ ಕಾಲಿಡಲು ಹೆದರುತ್ತಿದ್ದ ಚೆರ್ನೊಗೊರ್ಸ್ಕ್‌ನಲ್ಲಿ ಅಪಾರ್ಟ್‌ಮೆಂಟುಗಳ ಬಾಗಿಲು ಒಂದೊಂದಾಗಿ ತೆರೆದು ನೋಡುವಷ್ಟು ಪುರುಸೊತ್ತು ಸಿಕ್ಕಿತು. ನೆತ್ತರು ಹರಿಯುವ ಕೇಂದ್ರ ಬೆರೆಜಿನೊಕ್ಕೆ ವರ್ಗವಾಯಿತು.

ಹೊಸ ದಂಡೆಯನ್ನು ಒಮ್ಮೆ ನಡೆದು ನೋಡೋಣ. ಕಣ್ಣು ಬಿಟ್ಟಾಗ ಎದುರಿಗೆ ಬೂದು ಬಣ್ಣದ ಸಮುದ್ರ. ನೀವು ಎಲ್ಲಿದ್ದೀರಿ ಎಂದು ಆಟ ಹೇಳುವುದಿಲ್ಲ. ಬಿಜಿಎಂಐ ಆಡಿದವರ ಕೈ ತನ್ನಿಂತಾನೇ ಮೂಲೆಯ ಪುಟ್ಟ ನಕ್ಷೆಯನ್ನು ಹುಡುಕುತ್ತದೆ. ಇಲ್ಲಿ ಅದಿಲ್ಲ. ಕಾಗದದ ನಕ್ಷೆ ಎಲ್ಲಾದರೂ ಸಿಕ್ಕೀತು, ಅದರಲ್ಲೂ ‘ನೀವು ಇಲ್ಲಿದ್ದೀರಿ’ ಎಂಬ ಚುಕ್ಕೆ ಇರುವುದಿಲ್ಲ. ಇರುವ ಒಂದೇ ಆಸರೆ ಕಡಲು. ಮಂಗಳೂರಿನಿಂದ ಕಾರವಾರದ ಕಡೆ ಹೊರಟವರಿಗೆ ಸಮುದ್ರ ಎಡಗೈಗೆ ಬಿದ್ದರೆ ಅವರು ಉತ್ತರಕ್ಕೆ ಹೋಗುತ್ತಿದ್ದಾರೆ ಎಂದರ್ಥ. ಚೆರ್ನಾರಸ್‌ನ ಪೂರ್ವ ದಂಡೆಯಲ್ಲಿ ಇದು ತಿರುಗುಮುರುಗು. ಸಮುದ್ರ ಬಲಗೈಗಿದ್ದರೆ ಉತ್ತರ, ಎಡಗೈಗಿದ್ದರೆ ದಕ್ಷಿಣ. ಸೂರ್ಯ ಮುಳುಗುವುದು ಗುಡ್ಡದ ಹಿಂದೆ, ಏಳುವುದು ನೀರಿನಿಂದ. ಕರಾವಳಿಯ ಕನ್ನಡಿಗರಿಗೆ ಇದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾದೀತು. ರಾತ್ರಿಯಾದರೆ ಸಪ್ತರ್ಷಿ ಮಂಡಲ ಹುಡುಕಿ ಧ್ರುವ ನಕ್ಷತ್ರ ಗುರುತಿಸಬಹುದು. ಆಟದ ಆಕಾಶದಲ್ಲಿ ನಕ್ಷತ್ರಗಳನ್ನು ಸುಮ್ಮನೆ ಚೆಲ್ಲಿಲ್ಲ, ಇರುವಲ್ಲೇ ಇಟ್ಟಿದ್ದಾರೆ.

ರಸ್ತೆಗೆ ಹತ್ತಿದರೆ ಊರಿನ ಹೆಸರಿನ ಫಲಕ ಸಿಗುತ್ತದೆ, ಅದೂ ರಷ್ಯನ್ ಲಿಪಿಯಲ್ಲಿ. ಮೊದಮೊದಲು ಅದೊಂದು ಚಿತ್ರ ಅಷ್ಟೆ. ನಾಲ್ಕು ಸಲ ಸತ್ತ ಮೇಲೆ ಅಕ್ಷರ ಬಿಡಿಸಿ ಓದಲು ಬರುತ್ತದೆ. ರಷ್ಯನ್ ಭಾಷೆಯ ಗಂಧಗಾಳಿ ಇಲ್ಲದ ಎಷ್ಟೋ ಹುಡುಗರು ಆ ಲಿಪಿಯ ಅರ್ಧ ವರ್ಣಮಾಲೆ ಕಲಿತದ್ದು ಈ ಫಲಕಗಳಿಂದ. ಯಾವ ಭಾಷಾ ಮೇಷ್ಟ್ರೂ ಅಷ್ಟು ಕಠಿಣ ಪರೀಕ್ಷೆ ಕೊಟ್ಟಿರಲಾರರು.

ಸ್ವೆತ್ಲೊಯಾರ್ಸ್ಕ್ ಹೊರಗಿನಿಂದ ಭರ್ಜರಿಯಾಗಿ ಕಾಣುತ್ತದೆ. ಬಂದರಿನ ಕಟ್ಟೆ, ಕಾರ್ಖಾನೆಯ ಶೆಡ್ಡುಗಳು, ಗುಡ್ಡದ ಓರೆಯಲ್ಲಿ ಸಾಲು ಸಾಲು ಸೋವಿಯತ್ ಕಾಲದ ವಸತಿ ಕಟ್ಟಡಗಳು. ಒಳಹೊಕ್ಕರೆ ಒಂದು ಮನೆಯಂತೆಯೇ ಇನ್ನೊಂದು. ಮಹಡಿ ಮಹಡಿಯಲ್ಲೂ ಅದೇ ಅಡುಗೆಮನೆ, ಅದೇ ಮಂಚ, ಅದೇ ಗೋಡೆ ಕಾಗದ. ನನಗೆ ಬೇಸರ ತರಿಸುವ ಊರಿದು. ಅದರ ಮುಂದೆ ಹಳೆಯ ಹಳ್ಳಿಗಳ ಸೊಗಸೇ ಬೇರೆ. ವಕ್ರ ಬೇಲಿ, ಕಲ್ಲಿನ ಚರ್ಚು, ಹುಲ್ಲಿನ ಬಣವೆ ಎಲ್ಲ ಎಲ್ಬೆ ಕಣಿವೆಯ ಹಳ್ಳಿಗಳನ್ನು ಕಣ್ಣಾರೆ ಕಂಡವರು ಇಟ್ಟ ಹಾಗಿವೆ. ಹೊಸ ಪಟ್ಟಣ ಮಾತ್ರ ಮೇಜಿನ ಮೇಲೆ ಕೂತು ಜೋಡಿಸಿದ್ದು ಎಂದು ಗೊತ್ತಾಗಿಬಿಡುತ್ತದೆ.

ಆದರೆ ಸ್ವೆತ್ಲೊಯಾರ್ಸ್ಕ್‌ನಿಂದ ದಕ್ಷಿಣಕ್ಕೆ ಬೆರೆಜಿನೊವರೆಗಿನ ದಂಡೆ ಇದೆಯಲ್ಲ, ಅದು ಆಟದ ಪಾಠಶಾಲೆ. ಅಲ್ಲಿ ಕಲಿಯಬೇಕಾದ್ದೆಲ್ಲ ಅರ್ಧ ಗಂಟೆಯಲ್ಲಿ ಎದುರಾಗುತ್ತದೆ. ಬಾಯಾರಿಕೆಗೆ ಕಡಲ ನೀರು ಉಪಯೋಗವಿಲ್ಲ. ಊರಿನ ಕೈಪಂಪು ಹುಡುಕಬೇಕು. ಪಂಪಿನ ನೀರು ಶುದ್ಧ. ಕೆರೆ ನೀರನ್ನು ಹಾಗೇ ಕುಡಿದರೆ ಕಾಲರಾ ಬರುತ್ತದೆ, ಕುದಿಸಬೇಕು ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಬೇಕು. ಚಾಕು ಇಲ್ಲವೆಂದರೆ ಸಣ್ಣ ಕಲ್ಲನ್ನು ಮಸೆದು ಕಲ್ಲುಚಾಕು ಮಾಡಬಹುದು. ಆ ಚಾಕು ಒಂದಿದ್ದರೆ ಕೋಳಿ ಕೊಯ್ಯಬಹುದು, ಪೊದೆಯಿಂದ ಉದ್ದನೆಯ ಕೋಲು ಕಡಿಯಬಹುದು, ನೆಲ ಕೆದಕಿ ಎರೆಹುಳು ತೆಗೆಯಬಹುದು. ಎಲುಬಿನಿಂದ ಗಾಳ, ಹಗ್ಗ, ಕೋಲು ಸೇರಿಸಿದರೆ ಕಡಲಲ್ಲಿ ಬಂಗುಡೆಯ ಜಾತಿಯ ಮೀನು ಹಿಡಿಯಬಹುದು. ಹಸಿ ಕೋಳಿ ತಿಂದರೆ ಹೊಟ್ಟೆ ಕೆಡುತ್ತದೆ, ಬೆಂಕಿ ಬೇಕು. ಬೆಂಕಿ ಹಾಕಿದರೆ ಹೊಗೆ ಏಳುತ್ತದೆ. ಹೊಗೆ ಕಂಡರೆ ಮನುಷ್ಯರು ಬರುತ್ತಾರೆ.

ಡೇಝೀಯ ಅಸಲಿ ಆಟ ಮನುಷ್ಯರು ಬಂದ ಮೇಲಿನದು. ಹತ್ತಿರ ಬಂದವರ ದನಿ ಹತ್ತಿರದಿಂದಲೇ, ದೂರ ಇದ್ದವರದು ಕ್ಷೀಣವಾಗಿ ಕೇಳಿಸುವಂತೆ ಮೈಕ್ ವ್ಯವಸ್ಥೆ ಇದೆ. ಬಾಗಿಲಾಚೆ ಬೂಟಿನ ಸದ್ದು ಕೇಳಿಸುತ್ತದೆ. ಇಬ್ಬರೂ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಒಬ್ಬ ‘ಫ್ರೆಂಡ್ಲಿ, ಫ್ರೆಂಡ್ಲಿ’ ಎಂದು ಕೂಗುತ್ತಾನೆ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಆಮೇಲಿನದಕ್ಕೆ ನಿಯಮವಿಲ್ಲ. ಒಬ್ಬ ತನ್ನ ಡಬ್ಬಿಯ ಹುರುಳಿ ಹಂಚಿಕೊಂಡು ಊರು ತೋರಿಸುತ್ತಾನೆ. ಇನ್ನೊಬ್ಬ ಕೈಕೋಳ ತೊಡಿಸಿ, ಬಾಯಿಗೆ ಬೇಡದ್ದನ್ನು ತುರುಕಿ ನಗುತ್ತಾನೆ. ಕಂಡ ಕೂಡಲೇ ಗುಂಡು ಹೊಡೆಯುವವರಂತೂ ಎಲ್ಲೆಲ್ಲೂ ಇದ್ದಾರೆ.

ಕರಾವಳಿಯ ಬರಿಗೈಯವನನ್ನು ಕೊಂದರೆ ಸಿಗುವುದೇನು? ಅರ್ಧ ತಿಂದ ಒಂದು ಹಣ್ಣು. ಆದರೂ ಒಳನಾಡಿನಲ್ಲಿ ಸಕಲ ಆಯುಧಗಳನ್ನೂ ಕೂಡಿಸಿಕೊಂಡವರು ಬೇಸರ ಕಳೆಯಲು ಕೆಳಗಿಳಿದು ಬರುತ್ತಾರೆ, ಏಕೆಂದರೆ ಜನ ಖಂಡಿತ ಸಿಗುವ ಜಾಗ ಅದೊಂದೇ. ಮ್ಯಾಪಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡುತ್ತಲೇ ಹೋದರೂ ನಮ್ಮ ಗಡಿಯಾರದ ಸುಮಾರು ಒಂದು ಗಂಟೆ ಬೇಕು. ಅಷ್ಟು ವಿಶಾಲ ನೆಲದಲ್ಲಿ ಅರವತ್ತು ಜನ ಚದುರಿದರೆ ಯಾರಿಗೆ ಯಾರೂ ಸಿಗುವುದಿಲ್ಲ. ಬೆರೆಜಿನೊದ ಕುಖ್ಯಾತಿಗೆ ಕಾರಣ ಅಲ್ಲಿಯವರ ಕೆಟ್ಟತನಕ್ಕಿಂತ ಹೆಚ್ಚಾಗಿ ಈ ಅಂಕಗಣಿತ. ಉತ್ತರದಿಂದ ಇಳಿಯುವವರು, ದಕ್ಷಿಣದಿಂದ ಏರುವವರು, ಒಳಗಿನಿಂದ ಬೇಟೆಗೆ ಬರುವವರು, ಮೂವರ ದಾರಿಯೂ ಅಲ್ಲಿ ಕೂಡುತ್ತದೆ. ಆಸ್ಪತ್ರೆ ಬೇರೆ ಅಲ್ಲೇ ಇದೆ. ಜನ ಹುಟ್ಟುವ ಜಾಗವನ್ನು ಅತ್ತಿತ್ತ ಸರಿಸಿದರೆ ಕುಖ್ಯಾತಿಯೂ ಹಿಂದೆಯೇ ಹೋಗುತ್ತದೆ. ಎಲೆಕ್ಟ್ರೊದಿಂದ ಬೆರೆಜಿನೊಕ್ಕೆ ಬಂದದ್ದೂ ಹಾಗೆಯೇ. ಆಡುವವರ ಸ್ವಭಾವ ಕೆಟ್ಟುಹೋಯಿತು ಎಂದು ಗೊಣಗುವ ಹಳಬರು ಈ ಚಲನೆಯನ್ನು ಗಮನಿಸುವುದಿಲ್ಲ ಎಂಬುದು ನನ್ನ ದೂರು.

ರಿಫಿಯ ಹಡಗಿನ ಕತೆಯೂ ಇದೇ ಜಾತಿಯದು. ಮೊದಲು ಅದು ಸಾಹಸದ ಜಾಗವಾಗಿತ್ತು. ದಂಡೆಯಿಂದ ಈಜಿ ಹೋಗಬೇಕು, ಹೋದರೆ ಮೈಮೇಲಿನ ಬಟ್ಟೆಯೆಲ್ಲ ಒದ್ದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಮೈಬಿಸಿ ಇಳಿಯುತ್ತದೆ. ತುಕ್ಕು ಹಿಡಿದ ಏಣಿಗಳು, ಓರೆಯಾದ ಅಟ್ಟ, ಕೆಳಗೆ ಅಲೆಯ ಸದ್ದು. ಚೆರ್ನಾರಸ್‌ನಲ್ಲಿ ಕಣ್ಣಿಗೆ ಹಬ್ಬ ಎನ್ನಬಹುದಾದ ಜಾಗ ಯಾವುದು ಎಂದರೆ ನನ್ನ ಓಟು ಇದಕ್ಕೆ. ಆದರೆ ಬಡವರ ಕೇರಿಯ ಎದುರಿಗೇ ಇದ್ದುದರಿಂದ ಅಲ್ಲಿ ಒಳ್ಳೆಯ ಸಾಮಾನು ಇಟ್ಟರೆ ಲೆಕ್ಕ ತಪ್ಪುತ್ತದೆ. 2021ರ ಒಂದು ಅಪ್‌ಡೇಟಿನಲ್ಲಿ ಹಡಗಿನ ಸುತ್ತ ವಿಷಾನಿಲ ತುಂಬಿಸಿಬಿಟ್ಟರು. ಈಗ ಮುಖವಾಡ, ಅದಕ್ಕೆ ಕೆಟ್ಟಿರದ ಫಿಲ್ಟರು, ಕಾಲಿನಿಂದ ತಲೆವರೆಗೆ ರಬ್ಬರಿನ ರಕ್ಷಾ ಉಡುಪು ಇಲ್ಲದೆ ಹೋದರೆ ರಕ್ತ ಕಾರಿ ಸಾಯಬೇಕು. ಆ ಉಡುಪು ಸಿಗಬೇಕಾದರೆ ಒಳನಾಡೆಲ್ಲ ಸುತ್ತಿರಬೇಕು. ಅಂದರೆ ಕರಾವಳಿಯಲ್ಲೇ ಇರುವ ಜಾಗ ಕರಾವಳಿಯವರಿಗೆ ಮುಚ್ಚಿಹೋಯಿತು. ಆಟದ ಹದ ಕಾಯಲು ಇದು ಸರಿಯಾದ ಉಪಾಯ ಎಂದು ಒಪ್ಪುತ್ತೇನೆ. ಬರಿಗೈಯಲ್ಲಿ ಆ ಅಟ್ಟ ಹತ್ತಿ ನಿಂತು ಎರಡೂ ಕಡೆಯ ದಂಡೆ ನೋಡುವ ಸುಖ ಹೊಸಬರಿಗೆ ಇಲ್ಲವಾದದ್ದಕ್ಕೆ ಹೊಟ್ಟೆ ಉರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಇಂಥ ಕರಾವಳಿ ಕಟ್ಟುವವರ ಪಾಡೂ ಒಮ್ಮೊಮ್ಮೆ ಆಟಕ್ಕಿಂತ ಬಿಗಿಯಾಗಿರುತ್ತದೆ. ಚೆರ್ನಾರಸ್ ಆದ ಮೇಲೆ ಬೊಹೆಮಿಯಾದವರಿಗೆ ನಿಜವಾದ ಸಮುದ್ರ ಬೇಕೆನಿಸಿತು. ‘ಆರ್ಮಾ 3’ಕ್ಕೆ ಗ್ರೀಸಿನ ಲೆಮ್ನೊಸ್ ದ್ವೀಪವನ್ನು ಮಾದರಿಯಾಗಿ ಆರಿಸಿಕೊಂಡರು. 2012ರ ಸೆಪ್ಟೆಂಬರಿನಲ್ಲಿ ಕಂಪನಿಯ ಇಬ್ಬರು ನೌಕರರು ಆ ದ್ವೀಪಕ್ಕೆ ಹೋಗಿದ್ದಾಗ, ಸೇನಾ ನೆಲೆಯ ಫೋಟೊ ತೆಗೆದರೆಂದು ಗೂಢಚರ್ಯೆಯ ಆರೋಪದ ಮೇಲೆ ಬಂಧಿತರಾದರು. ರಜೆಗೆ ಬಂದವರು ಎಂಬ ಮಾತು ನಡೆಯಲಿಲ್ಲ. 129 ದಿನ ಒಳಗಿದ್ದು, 2013ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. ಆಟ ಬಿಡುಗಡೆಯಾಗುವ ಹೊತ್ತಿಗೆ ದ್ವೀಪದ ಹೆಸರನ್ನು ಆಲ್ಟಿಸ್ ಎಂದು ಬದಲಿಸಿದ್ದರು. ಎಲ್ಬೆ ಕಣಿವೆಗೆ ಸಮುದ್ರ ತುಂಬಿಸಿದಾಗ ಯಾರೂ ಕೇಳಿರಲಿಲ್ಲ ನೋಡಿ.

ಡೇಝೀಗೆ ಇನ್ನೂ ಹೊಸ ಕರಾವಳಿ ಬಂದದ್ದು 2024ರ ಅಕ್ಟೋಬರಿನಲ್ಲಿ, ‘ಫ್ರಾಸ್ಟ್‌ಲೈನ್’ ಎಂಬ ವಿಸ್ತರಣೆಯ ಜತೆ. ಮ್ಯಾಪಿನ ಹೆಸರು ಸಖಾಲ್. ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾ, ಕುರಿಲ್ ದ್ವೀಪಗಳನ್ನು ನೆನಪಿಸುವ ಜ್ವಾಲಾಮುಖಿ ದ್ವೀಪಗಳ ಗುಂಪು. ಎತ್ತ ನೋಡಿದರೂ ಹಿಮ. ಇಲ್ಲಿ ಕಡಲು ದಿಕ್ಕು ತೋರಿಸುವ ಗೆಳೆಯನಾಗಿ ಉಳಿದಿಲ್ಲ. ಚೆರ್ನಾರಸ್‌ನಲ್ಲಿ ನೀರಿಗೆ ಬಿದ್ದರೆ ಬಟ್ಟೆ ಹಿಂಡಿ, ಬೆಂಕಿ ಹಾಕಿ ಕೂತರೆ ಮುಗಿಯಿತು. ಸಖಾಲ್‌ನಲ್ಲಿ ನೀರಿಗೆ ಬಿದ್ದವನಿಗೆ ಬೆಂಕಿ ಹಾಕುವ ತನಕ ಜೀವ ಇರುವುದೇ ಸಂಶಯ. ಚೀಲದಲ್ಲಿಟ್ಟ ಊಟ ಹೆಪ್ಪುಗಟ್ಟುತ್ತದೆ, ಕರಗಿಸದೆ ತಿನ್ನಲಾಗದು. ಬಿಸಿನೀರಿನ ಬುಗ್ಗೆಗಳ ಹತ್ತಿರ ಮೈ ಕಾಯಿಸಿಕೊಳ್ಳಬಹುದು, ಆದರೆ ಆ ಉಪಾಯ ನಿಮ್ಮೊಬ್ಬರಿಗೇ ಹೊಳೆದಿರುವುದಿಲ್ಲ. ಹೆಪ್ಪುಗಟ್ಟಿದ ಕಡಲ ಮೇಲೆ ತೂತು ಮಾಡಿ ಮೀನು ಹಿಡಿಯುವುದು ನೋಡಲು ಚೆಂದ, ಬಟಾಬಯಲಿನಲ್ಲಿ ಒಂದೇ ಕಡೆ ಕೂತ ನಿಮ್ಮನ್ನು ದೂರದಿಂದ ನೋಡುವವನಿಗೂ ಅಷ್ಟೇ ಚೆಂದ.

ಹೊಸದಾಗಿ ಆಡಹೊರಟವರು ಮೊದಲು ಸಖಾಲ್‌ಗೆ ಹಾರದಿರುವುದು ಒಳ್ಳೆಯದು. ಪೂರ್ವ ದಂಡೆಯಲ್ಲಿ ಕೈಪಂಪು, ಕಲ್ಲುಚಾಕು, ರಷ್ಯನ್ ಫಲಕ ಇವಿಷ್ಟು ರೂಢಿಯಾಗಲಿ. ಬೆರೆಜಿನೊವನ್ನು ಗುಡ್ಡದ ಮೇಲಿನಿಂದ ಸುತ್ತುಹಾಕಿ ದಾಟುವುದು ಅಭ್ಯಾಸವಾಗಲಿ. ಮೇಲಾಗಿ ಸಖಾಲ್‌ಗೆ ಪ್ರತ್ಯೇಕ ದುಡ್ಡು ಕೊಡಬೇಕು. ಚೆರ್ನಾರಸ್ ಮೂಲ ಆಟದ ಜತೆಗೇ ಬರುತ್ತದೆ.